ಹೊರಗಿಟ್ಟ ಕೂಸಿನ ಹೆಸರು

ಮನೆತನದ ಹೆಸರೆಂದರೆ ಊರು, ಕಸುಬು, ಹಿರೀಕರು ಹೀಗೆ ಏನಾದರೊಂದನ್ನು ಹೇಳಬೇಕು ಎಂದುಕೊಂಡಿದ್ದೆ. ಸಂಶೋಧನೆಯ ಓದಿನಲ್ಲಿ ಎದುರಾದ ಇಟಲಿಯ ‘ಎಸ್ಪೋಸಿತೊ’ ಆ ನಂಬಿಕೆಯನ್ನು ಕೆಡಿಸಿತು. ಅದರ ಲ್ಯಾಟಿನ್ ಮೂಲದ ಅರ್ಥ ‘ಹೊರಗಿಟ್ಟದ್ದು’. ಹೆತ್ತವರು ಬಿಟ್ಟುಹೋದ ಕೂಸುಗಳಿಗೆ ಕೊಡುತ್ತಿದ್ದ ಹೆಸರದು.

ನೇಪಲ್ಸ್‌ನ ಅನುನ್ಸಿಯಾತಾ ಅನಾಥಾಲಯದ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆಯೊಂದಿತ್ತು. ಜನ ಅದನ್ನು ಚಕ್ರ ಎನ್ನುತ್ತಿದ್ದರು. ಬೀದಿಯ ಕಡೆಯಿಂದ ಕೂಸನ್ನಿಟ್ಟು ತಿರುಗಿಸಿದರೆ ಒಳಗೆ ಹೋಗುತ್ತಿತ್ತು. ಇಟ್ಟವರ ಮುಖ ಒಳಗಿನವರಿಗೆ ಕಾಣುತ್ತಿರಲಿಲ್ಲ. 1875ರಲ್ಲಿ ಚಕ್ರ ನಿಂತಿತು. ಅದಕ್ಕೂ ಎಷ್ಟೋ ಮೊದಲೇ, 19ನೇ ಶತಮಾನದ ಆರಂಭದ ಫ್ರೆಂಚ್ ಆಳ್ವಿಕೆಯಲ್ಲಿ, ಹೀಗೆ ಹುಟ್ಟನ್ನು ಸಾರುವ ಹೆಸರಿಡುವುದನ್ನು ನಿಷೇಧಿಸಲಾಗಿತ್ತು. ಆದರೆ ಇಟ್ಟಾಗಿದ್ದ ಹೆಸರು ಮಕ್ಕಳು ಮೊಮ್ಮಕ್ಕಳಿಗೆ ಇಳಿಯುತ್ತಲೇ ಹೋಯಿತು. ಇಂದು ನೇಪಲ್ಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವುದು ಇದೇ. ವಲಸೆ ಹೋದವರ ಜೊತೆ ಅರ್ಜೆಂಟೀನಾಕ್ಕೂ ಅಮೆರಿಕಕ್ಕೂ ದಾಟಿತು.

ಬೇರೆ ಊರುಗಳಲ್ಲಿ ಬೇರೆ ಹೆಸರು. ಫ್ಲಾರೆನ್ಸ್‌ನಲ್ಲಿ ಇನೊಚೆಂತಿ, ಅಂದರೆ ಮುಗ್ಧರು. ಮಿಲಾನ್‌ನಲ್ಲಿ ಕೊಲೊಂಬೊ, ಪಾರಿವಾಳ. ಅದು ಅಲ್ಲಿನ ದೊಡ್ಡಾಸ್ಪತ್ರೆಯ ಲಾಂಛನ. ರೋಮ್‌ನಲ್ಲಿ ಪ್ರೊಯೆತ್ತಿ, ಎಸೆದವರಲ್ಲ, ಎಸೆಯಲ್ಪಟ್ಟವರು. ಹೆಸರಿಟ್ಟ ಗುಮಾಸ್ತರ ಮನಸ್ಸೂ ಇದರಲ್ಲಿ ಕಾಣುತ್ತದೆ ಅನಿಸುತ್ತದೆ ನನಗೆ.

‘ಬಿಟ್ಟುಹೋದ’ ಎಂದು ಮೇಲೆ ಬರೆದೆನಲ್ಲ, ಆ ಮಾತೂ ಪೂರ್ತಿ ಸರಿಯಲ್ಲ. ಫ್ಲಾರೆನ್ಸ್‌ನಲ್ಲಿ ಕೆಲವು ತಾಯಂದಿರು ಪದಕವೊಂದನ್ನು ಎರಡು ಮಾಡಿ, ಅರ್ಧವನ್ನು ಕೂಸಿನ ಜೊತೆಗಿಟ್ಟು, ಇನ್ನರ್ಧವನ್ನು ತಾವಿಟ್ಟುಕೊಳ್ಳುತ್ತಿದ್ದರು. ಕಾಲ ಕೂಡಿಬಂದರೆ ಗುರುತು ತೋರಿಸಿ ಮಗುವನ್ನು ಕರೆದೊಯ್ಯಬೇಕಲ್ಲ! ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇರುವುದು ಕೂಸುಗಳ ಪಾಲಿನ ಅರ್ಧಗಳು.