ಕಾಲವನ್ನು ಹೊತ್ತು ತಂದವರು

ಗ್ರೀನಿಚ್ ವೇಧಶಾಲೆಯ ನಿಷ್ಕೃಷ್ಟ ಸಮಯವನ್ನು ತನ್ನ ಕೈಚೀಲದ ಕ್ರೊನೋಮೀಟರಿನಲ್ಲಿ ಹೊತ್ತು, 1892ರಿಂದ 1940ರವರೆಗೆ ಲಂಡನ್ನಿನ ಅಂಗಡಿಯಿಂದ ಅಂಗಡಿಗೆ ಮುಟ್ಟಿಸಿ ಜೀವಿಸಿದ ರೂತ್ ಬೆಲ್ವಿಲ್ ಎಂಬ ಮಹಿಳೆಯ ವೃತ್ತಿಯೇ ಇಂದು ಅಂತರಜಾಲದಲ್ಲಿ ಅದೃಶ್ಯವಾಗಿ ಮುಂದುವರಿದಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಮುಂದೆ ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಡೇವಿಡ್ ಮಿಲ್ಸರು 1985ರಲ್ಲಿ ಪ್ರಕಟಿಸಿದ ನಿಯಮಾವಳಿಯಂತೆ, ಸರ್ವರಿನಿಂದ ಸಮಯವನ್ನು ಯಾಚಿಸುವ ಕಂಪ್ಯೂಟರು, ಪ್ರಶ್ನೆಯು ಹೊರಟ ಮತ್ತು ತಲುಪಿದ, ಉತ್ತರವು ಹೊರಟ ಮತ್ತು ಮರಳಿದ ನಾಲ್ಕು ಕ್ಷಣಗಳನ್ನು ತುಲನೆ ಮಾಡಿ, ಮಾರ್ಗದಲ್ಲಿ ಕಳೆದ ಕಾಲವನ್ನೂ ಗಣಿಸಿ, ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತದೆ. ಪರಮಾಣು ಗಡಿಯಾರಗಳಿಂದ ಸ್ತರಸ್ತರವಾಗಿ ಇಳಿದುಬರುವ ಆ ಕಾಲವನ್ನು ಎಣಿಸುವುದು 1900ರ ಜನವರಿ 1ರಿಂದ. ಹುಟ್ಟಿನಿಂದಲೇ ದೃಷ್ಟಿಮಾಂದ್ಯದಿಂದ ಬಳಲಿದರೂ ಕಾರ್ಯವಿಮುಖರಾಗದೆ ದುಡಿದು, 2024ರಲ್ಲಿ ಕಾಲಾಧೀನರಾದ ಮಿಲ್ಸರಿಗೆ ಲೋಕವು ಪ್ರತಿಕ್ಷಣವೂ ಋಣಿಯಾಗಿದೆ.