ದಮ್ಮಾಮಿಗೆ ಹೋದ ಮದುಮಗಳು

ನಮ್ಮಲ್ಲಿ ಗಲ್ಫ್ ಚರಿತ್ರೆ ಎಂದರೆ ಗಂಡಸರ ಚರಿತ್ರೆ. ಊರಿನಿಂದ ಯಾರು ಮೊದಲು ಹೋದರು, ಯಾವ ಕಂಪೆನಿ, ಎಷ್ಟು ರಿಯಾಲ್ ಸಂಬಳ, ಯಾವ ವರ್ಷ ಹಂಚಿನ ಮನೆ ಹೋಗಿ ತಾರಸಿ ಮನೆ ಬಂತು, ಇವೆಲ್ಲ ಹಿರಿಯರಿಗೆ ಬಾಯಿಪಾಠ. ನಿಖಾಹ್ ಆಗಿ ವರ್ಷ ತುಂಬುವ ಮೊದಲೇ ಅದೇ ಊರಿಗೆ ವಿಮಾನ ಹತ್ತಿದ ಹುಡುಗಿಯರ ಬಗ್ಗೆ ಕೇಳಿ ನೋಡಿ. "ಹೌದು, ಅವಳೂ ಅಲ್ಲೇ ಇದ್ದಳು" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ನಮ್ಮ ಮಾಮಿ ಹಾಗೆ ಅಲ್ಲೇ ಇದ್ದವರು. ಉಪ್ಪಳದವರು. 1989ರಲ್ಲಿ ಮದುವೆ, ಮರುವರ್ಷ ಸೌದಿಯ ದಮ್ಮಾಮ್. ಆಗ ಅವರಿಗೆ ಹತ್ತೊಂಬತ್ತು ವರ್ಷ. ಕಳೆದ ರಜೆಯಲ್ಲಿ ಎರಡು ದಿನ ಅವರ ಪಕ್ಕ ಕೂತು ಕೇಳಿದ್ದನ್ನು, ನನಗೆ ಗೊತ್ತಿದ್ದ ಚರಿತ್ರೆಯ ಜೊತೆ ಸೇರಿಸಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಬೇಕು. ಮದುವೆಯಾದ ಹೆಣ್ಣು ಊರು ಬಿಡುವುದು ನಮ್ಮ ಹಲವು ಮನೆಗಳಲ್ಲಿ ಹಳೆಯ ಪದ್ಧತಿಯಲ್ಲ. ಪುದಿಯಾಪ್ಲೆ ಹೆಂಡತಿಯ ಮನೆಗೆ ಬರುತ್ತಿದ್ದ. ಅವನಿಗೊಂದು ಕೋಣೆ, ಅವನಿಗೆಂದೇ ಪತ್ತಿರ್, ಕೋಳಿ ಸಾರು. ಅವಳು ಹುಟ್ಟಿದ ಮನೆಯಲ್ಲೇ ಉಮ್ಮನ ಪಕ್ಕದಲ್ಲೇ ಇರುತ್ತಿದ್ದಳು. ಬೊಂಬಾಯಿಗೋ ಕೊಲಂಬೋಗೋ ಹೋಗಿ ಬರುತ್ತಿದ್ದವನು ಗಂಡ. ಸೌದಿಯಲ್ಲಿ 1938ರಲ್ಲಿ ದಮ್ಮಾಮಿನ ಏಳನೇ ಬಾವಿಯಲ್ಲಿ ಎಣ್ಣೆ ಉಕ್ಕಿತು. 1940ರ ದಶಕದಲ್ಲಿ ಅಲ್ಲಿನ ಎಣ್ಣೆ ಕಂಪೆನಿ ಬೊಂಬಾಯಿಯಿಂದ ಗುಮಾಸ್ತರನ್ನೂ ಕುಶಲಕರ್ಮಿಗಳನ್ನೂ ಕರೆದುಕೊಂಡಿತು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ನಮ್ಮ ಕರಾವಳಿಯಿಂದಲೂ ಸಾಲು ಹಿಡಿದು ಹೋದರು. ಹೋದವರು ಗಂಡಸರೇ. ಉಳಿದವಳಿಗೆ ಕಾಗದ, ಆಮೇಲೆ ಧ್ವನಿ ತುಂಬಿದ ಕ್ಯಾಸೆಟ್. ಎಪ್ಪತ್ತರ ದಶಕದಲ್ಲಿ ಎಸ್.ಎ. ಜಮೀಲರ ದುಬೈ ಕತ್ತ್ ಪಾಟ್ಟು ಮಲಬಾರಿನ ಉದ್ದಕ್ಕೂ ಹರಡಿದ್ದು ಸುಮ್ಮನೆ ಅಲ್ಲ. ಅದು ಊರಲ್ಲೇ ಉಳಿದ ಹೆಂಡತಿಯ ಕಾಗದ.

ಈ ಕ್ರಮ ತಲೆಕೆಳಗಾದದ್ದು ಫ್ಯಾಮಿಲಿ ವೀಸಾದಿಂದ. ಅದೂ ಎಲ್ಲರಿಗೆ ಅಲ್ಲ. ಇಖಾಮದಲ್ಲಿ ಗಂಡನ ಕೆಲಸ ಏನೆಂದು ಬರೆದಿದೆ ಎಂಬುದರ ಮೇಲೆ ಹೆಂಡತಿ ಹೋಗುವುದೋ ಬೇಡವೋ ತೀರ್ಮಾನವಾಗುತ್ತಿತ್ತು. ನಮ್ಮ ಮಾಮನ ಇಖಾಮದಲ್ಲಿ ಮುಹಾಸಿಬ್ ಎಂದಿತ್ತು, ಲೆಕ್ಕಿಗ. ಅವರ ತಮ್ಮ ಅದೇ ಊರಿನಲ್ಲಿ ಸಾಯಿಖ್, ಅಂದರೆ ಡ್ರೈವರ್. ಲೆಕ್ಕಿಗನ ಹೆಂಡತಿ ದಮ್ಮಾಮಿಗೆ ಹೋದರು. ಡ್ರೈವರನ ಹೆಂಡತಿ, ನಮ್ಮ ಚಿಕ್ಕ ಮಾಮಿ, ಇಪ್ಪತ್ತಾರು ವರ್ಷ ಉಳ್ಳಾಲದಲ್ಲೇ ಇದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಗಂಡನ ಮುಖ. ಆ ಕಾಲದಲ್ಲಿ ಸಂಬಂಧ ನೋಡಲು ಬಂದವರ ಬಳಿ ಹೆಣ್ಣಿನ ಮನೆಯವರು ಸಂಬಳಕ್ಕಿಂತ ಮೊದಲು "ಫ್ಯಾಮಿಲಿ ಸಿಗುತ್ತಾ?" ಎಂದು ಕೇಳುತ್ತಿದ್ದುದು ದುರಾಸೆಯಿಂದಲ್ಲ.

ಕಾಗದಪತ್ರದ ಕೆಲಸ ಗಡಿನಾಡಿನವರಿಗೆ ಇನ್ನೂ ಉದ್ದ. ಮಾಮಿಯ ಮನೆಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಒಂದು ಗಂಟೆ. ಆದರೆ 1956ರಿಂದ ಉಪ್ಪಳ ಕೇರಳ. ಹಾಗಾಗಿ ಪಾಸ್‌ಪೋರ್ಟಿಗೆ ಕೋಝಿಕ್ಕೋಡು, ಮದುವೆ ಪ್ರಮಾಣಪತ್ರದ ಮೇಲೆ ಮೊಹರಿಗೆ ತಿರುವನಂತಪುರ, ಅಲ್ಲಿಂದ ದೆಹಲಿಯ ವಿದೇಶಾಂಗ ಸಚಿವಾಲಯ, ಕೊನೆಗೆ ಸೌದಿ ರಾಯಭಾರ ಕಚೇರಿ. ಕನ್ನಡ ಶಾಲೆಯಲ್ಲಿ ಕಲಿತ ಮಾಮಿಗೆ ಮಲಯಾಳದ ಅರ್ಜಿ ಓದಲು ಬರುತ್ತಿರಲಿಲ್ಲ. ಜಮಾಅತಿನ ಪುಸ್ತಕದಲ್ಲಿ ಬರೆದ ನಿಖಾಹ್ ಅಲ್ಲಾಹನ ಮುಂದೆ ಸಾಕು, ಸರಕಾರಗಳಿಗೆ ಸಾಲದು ಎಂದು ಅವರ ಉಪ್ಪ ತಮಾಷೆ ಮಾಡುತ್ತಿದ್ದರಂತೆ.

ಬಜ್ಪೆಯಿಂದ ಗಲ್ಫಿಗೆ ನೇರ ವಿಮಾನ ಬಂದದ್ದು 2006ರಲ್ಲಿ. 1990ರಲ್ಲಿ ಮಂಗಳೂರಿನಿಂದ ಬೊಂಬಾಯಿಗೆ ಬಸ್ಸು, ಲಾಡ್ಜಿನಲ್ಲಿ ಎರಡು ರಾತ್ರಿ, ಆಮೇಲೆ ವಿಮಾನ. ಲಾಡ್ಜಿನಲ್ಲಿ ಒಂದು ಪ್ರಸಂಗ ನಡೆಯಿತು. ಉಮ್ಮ ಕಟ್ಟಿಕೊಟ್ಟ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಒಣಮೀನು, ಮಾವಿನ ಉಪ್ಪಿನಕಾಯಿ, ಮಸಾಲೆ ಪುಡಿ, ಜೊತೆಗೆ ನೆಯ್ಚೋರಿನ ಮಾಂಸದ ಸಾರಿಗೆ ಬೇಕೆಂದು ಕಾಲು ಕಿಲೋ ಗಸಗಸೆ. ಪಕ್ಕದ ಕೋಣೆಯಲ್ಲಿದ್ದ ಹಿರಿಯರೊಬ್ಬರು ಕಂಡು ಹೌಹಾರಿದರು. ಸೌದಿಯಲ್ಲಿ ಗಸಗಸೆಗೆ ನಿಷೇಧ, ಅದು ಅಫೀಮಿನ ಗಿಡದ ಬೀಜ. ಇವತ್ತಿಗೂ ಗೊತ್ತಿಲ್ಲದೆ ಒಯ್ದು ಸಿಕ್ಕಿಬೀಳುವವರು ಇದ್ದಾರೆ. ಪೊಟ್ಟಣ ಲಾಡ್ಜಿನ ಕಸದ ಬುಟ್ಟಿಗೆ ಹೋಯಿತು. "ಉಮ್ಮನ ಅಡುಗೆಯಲ್ಲಿ ತಪ್ಪು ಇರಬಹುದು ಎಂದು ಅವತ್ತೇ ನನಗೆ ಮೊದಲು ಗೊತ್ತಾದದ್ದು" ಎಂದು ಮಾಮಿ ನಗುತ್ತಾರೆ.

ದಹ್ರಾನ್ ವಿಮಾನ ನಿಲ್ದಾಣದಲ್ಲಿ ಇಳಿದರು. ದಮ್ಮಾಮಿನ ಈಗಿನ ದೊಡ್ಡ ನಿಲ್ದಾಣ ತೆರೆದದ್ದು 1999ರಲ್ಲಿ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಬಿಸಿಲು ತಡೆಯಲು ಕಿಟಕಿಯ ಗಾಜಿಗೆ ಬೆಳ್ಳಿ ಕಾಗದ ಅಂಟಿಸಿತ್ತು, ಹಗಲೂ ಲೈಟು. ಕಿಟಕಿಯ ಎ.ಸಿ. ದಿನವಿಡೀ ಗುರ್ ಎನ್ನುತ್ತಿತ್ತು. ಮಾಮ ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಆರು. ಅಷ್ಟು ಹೊತ್ತು ಬಾಗಿಲು ಒಳಗಿನಿಂದ ಚಿಲಕ.

ಮಾಮಿಗೆ ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಬಾವಿಗೆ ಕೊಡಪಾನ ಇಳಿಸಿ ಬೆಳೆದವರು. ದಮ್ಮಾಮಿನ ನಲ್ಲಿ ನೀರು ಉಪ್ಪುಪ್ಪು. ತಲೆಗೆ ಹಾಕಿದರೆ ಕೂದಲು ಉದುರುತ್ತದೆ, ಚಾ ಮಾಡಿದರೆ ರುಚಿ ಕೆಡುತ್ತದೆ. ಕುಡಿಯಲು, ಅಡುಗೆಗೆ ಸಿಹಿನೀರು ಕ್ಯಾನಿನಲ್ಲಿ ದುಡ್ಡು ಕೊಟ್ಟು ತರಬೇಕು. ಅಕ್ಕಿ ತೊಳೆಯಲು ಯಾವ ನೀರು, ಬೇಯಿಸಲು ಯಾವ ನೀರು ಎಂದು ಲೆಕ್ಕ ಹಾಕಿ ಹಾಕಿ ಮೊದಲ ತಿಂಗಳು ಅವರು ಅತ್ತದ್ದು ನೀರಿಗಾಗಿಯೇ. ಮಳೆ ಬೇಕೆಂದು ಅಳಲಿಲ್ಲವಂತೆ, ಬಾವಿ ಬೇಕೆಂದು ಅತ್ತರಂತೆ. ಈ ವ್ಯತ್ಯಾಸವನ್ನು ಅವರು ಎರಡು ಸಲ ಒತ್ತಿ ಹೇಳಿದರು.

ಇನ್ನೊಂದು ನನಗೆ ಬಹಳ ಹಿಡಿಸಿತು. ನಮ್ಮ ಮದ್ರಸದಲ್ಲಿ ಕಲಿತ ಯಾವ ಹುಡುಗಿಗೂ ಅರಬಿ ಅಕ್ಷರ ಗೊತ್ತು, ಅರಬಿ ಭಾಷೆ ಗೊತ್ತಿಲ್ಲ. ಶುಕ್ರವಾರ ಪೇಟೆಗೆ ಹೊರಟಾಗ ಮಾಮಿ ಅಂಗಡಿಯ ಬೋರ್ಡುಗಳನ್ನು ಓದುತ್ತಾ ನಡೆಯುತ್ತಿದ್ದರು. ಬೋರ್ಡಿಗೆ ಹರಕತ್ ಇರುವುದಿಲ್ಲ, ಹಾಗಾಗಿ ಮ, ಖ, ಬ, ಝ ಎಂದು ಬಿಡಿಬಿಡಿಯಾಗಿ ಕೂಡಿಸಬೇಕು. ಮಖ್‌ಬಝ್ ಎಂದರೆ ರೊಟ್ಟಿ ಸುಡುವ ಅಂಗಡಿ ಎಂದು ಒಳಗಿನಿಂದ ಬಂದ ಖುಬ್ಬೂಸಿನ ಪರಿಮಳದಿಂದ ತಿಳಿಯಿತು. ಸೈದಲಿಯ ಎಂದರೆ ಔಷಧದ ಅಂಗಡಿ ಎಂದು ಕನ್ನಡಿ ಬಾಗಿಲಿನೊಳಗೆ ಕಂಡ ಬಾಟಲಿಗಳಿಂದ. ಕುರ್‌ಆನಿನಲ್ಲಿ ಕಂಡ ಅದೇ ಅಕ್ಷರ ಟಯರ್ ಅಂಗಡಿಯ ಮೇಲೂ ಇರುವುದು ಮೊದಮೊದಲು ಅವರಿಗೆ ಸ್ವಲ್ಪ ಬೇಸರವನ್ನೇ ತಂದಿತ್ತು. ಬೋರ್ಡು ಇದ್ದ ಹಳೆಯ ಕಾಗದವನ್ನು ಕಸಕ್ಕೆ ಹಾಕಲು ಕೈ ಬಾರದೆ ಒಂದು ಚೀಲ ತುಂಬ ಕೂಡಿಟ್ಟಿದ್ದರಂತೆ.

ಮಾತನಾಡಲು ಬೇಕಾದದ್ದು ಮಾತ್ರ ಅರಬಿಯಲ್ಲ. ಎದುರು ಮನೆಯಲ್ಲಿ ಹೈದರಾಬಾದಿನವರು, ಕೆಳಗೆ ಮಲಪ್ಪುರದವರು. ಒಬ್ಬರಿಂದ ಉರ್ದು, ಇನ್ನೊಬ್ಬರಿಂದ ಮಲಯಾಳ. 'ವ' ಬರುವಲ್ಲೆಲ್ಲ 'ಬ' ಹಾಕುವ ನಮ್ಮ ಬ್ಯಾರಿ ಬಾಸೆ ಕೇಳಿ ಮಲಪ್ಪುರದಾಕೆ ನಕ್ಕು ನಕ್ಕು ಸಾಕಾಗುತ್ತಿದ್ದರು. ಪತ್ತಿರ್ ತಟ್ಟುವುದರಲ್ಲಿ ಮಾತ್ರ ಮಾಮಿಯದೇ ಮೇಲುಗೈ. ಬಖಾಲದ ಹುಡುಗರು ಮಲಯಾಳಿಗಳು, ಫೋನ್ ಮಾಡಿದರೆ ಸಾಮಾನು ಬಾಗಿಲಿಗೆ. ನಮಾಝಿನ ಹೊತ್ತಿಗೆ ಅಂಗಡಿ ಮುಚ್ಚುತ್ತದೆ ಎಂಬ ಲೆಕ್ಕದಲ್ಲೇ ಪೇಟೆಯ ತಿರುಗಾಟ. ವಾರದ ರಜೆ ಆಗ ಗುರುವಾರ, ಶುಕ್ರವಾರ. 2013ರಲ್ಲಿ ಅದು ಶುಕ್ರವಾರ, ಶನಿವಾರ ಆಯಿತು.

ಬಂದು ಆರು ತಿಂಗಳೂ ಆಗಿರಲಿಲ್ಲ. ಆಗಸ್ಟ್ 2ಕ್ಕೆ ಇರಾಕ್ ಕುವೈತಿಗೆ ನುಗ್ಗಿತು. ಕುವೈತಿನಲ್ಲಿದ್ದ ನಮ್ಮವರು ಬಗ್ದಾದ್, ಅಮ್ಮಾನ್ ದಾರಿಯಾಗಿ ಊರು ಸೇರಿದರು. ಏರ್ ಇಂಡಿಯಾ ವಿಮಾನಗಳಲ್ಲಿ ಅಮ್ಮಾನಿನಿಂದ ಬಂದ ಭಾರತೀಯರೇ ಒಂದು ಲಕ್ಷಕ್ಕಿಂತ ಹೆಚ್ಚು. ದಮ್ಮಾಮಿನಿಂದಲೂ ಬಹಳ ಮಂದಿ ಹೆಂಡತಿ ಮಕ್ಕಳನ್ನು ಕಳಿಸಿದರು. ಮಾಮಿ ಹೋಗಲು ಒಪ್ಪಲಿಲ್ಲ. "ಒಂದು ಸಲ ಹೋದರೆ ಮತ್ತೆ ಆ ಮೊಹರುಗಳನ್ನೆಲ್ಲ ಯಾರು ಹಾಕಿಸುವುದು?" ಎಂಬುದು ಅವರ ವಾದ. 1991ರ ಜನವರಿಯಲ್ಲಿ ಯುದ್ಧ ಶುರುವಾದಾಗ ಕಿಟಕಿಗೆ ಟೇಪು, ಬಾಗಿಲ ಸಂದಿಗೆ ಒದ್ದೆ ಟವೆಲು, ಸೈರನ್ ಕೂಗಿದರೆ ಬಚ್ಚಲು ಮನೆ. ಫೆಬ್ರವರಿ 25ರ ರಾತ್ರಿ ದಹ್ರಾನ್ ಬಳಿ ಅಮೆರಿಕನ್ ಸೈನಿಕರು ಉಳಿದಿದ್ದ ಕಟ್ಟಡಕ್ಕೆ ಸ್ಕಡ್ ಕ್ಷಿಪಣಿ ಬಿದ್ದು 28 ಮಂದಿ ಸತ್ತರು. ಆ ಶಬ್ದ ಮಾಮಿ ಕೇಳಿದ್ದಾರೆ. ಮರುದಿನ ಏನು ಮಾಡಿದಿರಿ ಎಂದು ಕೇಳಿದೆ. "ಅನ್ನ ಮಾಡಿದೆ" ಎಂದರು. ಅಲ್ಲಿಂದ ಮುಂದೆ ಅದು ತನ್ನ ಮನೆ ಎನಿಸಿತಂತೆ.

ಎಲ್ಲವೂ ಕಷ್ಟವೇ ಎಂದು ಬರೆದರೆ ಮಾಮಿ ಒಪ್ಪುವುದಿಲ್ಲ. ಏನು ಬೇಯಿಸಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಂದು ಕೇಳುವವರು ಯಾರೂ ಇಲ್ಲದ ಅಡುಗೆಮನೆ ಹತ್ತೊಂಬತ್ತರ ಹರೆಯದಲ್ಲಿ ಊರಿನ ಯಾವ ಹುಡುಗಿಗೆ ಸಿಕ್ಕಿತ್ತು? ಸುಮಾರು 1300 ಕಿಲೋಮೀಟರು ಬಸ್ಸಿನಲ್ಲಿ ಕೂತು ಮಕ್ಕಾ ನೋಡಿದರು. ಉಮ್ಮನಿಗೆ ಆಗ ಅದು ಕನಸು. ಚೊಚ್ಚಲ ಬಾಣಂತನಕ್ಕೆ ಮಾತ್ರ ಊರಿಗೇ ಬಂದರು. ಅದಕ್ಕೂ ಗಂಡನ ಒಪ್ಪಿಗೆ, ಹೋಗಿ ಬರುವ ವೀಸಾ, ಅವಧಿ ಮೀರುವ ಮೊದಲೇ ವಾಪಸು. ಮಗು ನಗಲು ಶುರುಮಾಡುವಾಗ ಹೊರಟುಬಿಟ್ಟೆಯಲ್ಲ ಎಂದು ಉಮ್ಮ ಕೊನೆಯವರೆಗೂ ಹೇಳುತ್ತಿದ್ದರಂತೆ.

ಆಗಿನ ಇಖಾಮ ಸಣ್ಣ ಪುಸ್ತಕದ ಹಾಗೆ. ಹೆಂಡತಿ ಮಕ್ಕಳು ಗಂಡನ ಇಖಾಮದ ಪುಟದಲ್ಲೇ. ಮಾಮಿ ಒಂದನ್ನು ತೋರಿಸಿದರು. ಇಪ್ಪತ್ತರ ಹುಡುಗಿಯ ಫೋಟೊ, ಹೆಸರು, ಗಂಡನ ಜೊತೆಗಿರುವವಳು ಎಂಬ ವಿವರ. ಕೆಲಸ ಮಾಡಲು ಅನುಮತಿಯಿಲ್ಲ. ಗಂಡನ ಕೆಲಸ ಹೋದ ದಿನ ಅವಳ ವಾಸವೂ ಹೋಯಿತು. ಮೂರು ಮಕ್ಕಳನ್ನು ಓದಿಸಿದ್ದು, ಊರಿನಿಂದ ಹೊಸದಾಗಿ ಬಂದ ಅದೆಷ್ಟೋ ಮದುಮಗಳಂದಿರಿಗೆ ಸಿಹಿನೀರಿನ ಲೆಕ್ಕ ಹೇಳಿಕೊಟ್ಟದ್ದು, ವಾರದ ರಜೆಗೆ ಒಂಟಿ ಹುಡುಗರಿಗೆಲ್ಲ ಮೀನು ಸಾರು ಅನ್ನ ಬಡಿಸಿದ್ದು ಯಾವ ಪುಟದಲ್ಲೂ ಇಲ್ಲ. ಆ ಹುಡುಗರಲ್ಲಿ ಚಿಕ್ಕ ಮಾಮಿಯ ಗಂಡನೂ ಒಬ್ಬ. ಊರಿನಲ್ಲಿ ಹೆಂಡತಿ ಒಬ್ಬಳೇ ಉಣ್ಣುವಾಗ ಅವನು ಅತ್ತಿಗೆಯ ಕೈಯ ಅನ್ನ ಉಣ್ಣುತ್ತಿದ್ದ. ಇಬ್ಬರು ಮಾಮಿಯರ ನಡುವೆ ಈ ವಿಷಯ ಇವತ್ತಿಗೂ ಮಾತಿಗೆ ಬರುವುದಿಲ್ಲ.

2017ರ ಜುಲೈಯಿಂದ ಸೌದಿ ಸರಕಾರ ಕುಟುಂಬದ ಪ್ರತಿಯೊಬ್ಬರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಪ್ರತಿ ವರ್ಷ 100 ಏರಿ 2020ಕ್ಕೆ 400. ಹೆಂಡತಿ, ಮೂರು ಮಕ್ಕಳು ಎಂದರೆ ಆಗ ವರ್ಷಕ್ಕೆ 19,200 ರಿಯಾಲ್. ದಮ್ಮಾಮ್, ಜುಬೈಲಿನ ಬಿಲ್ಡಿಂಗುಗಳಿಂದ ನಮ್ಮ ಕುಟುಂಬಗಳು ಒಂದೊಂದಾಗಿ ಖಾಲಿಯಾದವು. ಮಾಮಿ 2018ರ ಮೇ ತಿಂಗಳಲ್ಲಿ ಬಂದರು. ಮಾಮ ಇನ್ನೆರಡು ವರ್ಷ ಒಂಟಿಯಾಗಿ ಅಲ್ಲಿದ್ದರು, ಅವರ ತಮ್ಮ ಇದ್ದ ಹಾಗೆ. ಮನೆ ಕಟ್ಟಿಸಿದ್ದು ಉಳ್ಳಾಲದಲ್ಲಲ್ಲ, ಉಪ್ಪಳದಲ್ಲಿ, ಉಮ್ಮನ ಬಾವಿಗೆ ಕೂಗಳತೆಯಲ್ಲಿ.

ಬಂದ ಮರುತಿಂಗಳು, ಜೂನ್ 24ಕ್ಕೆ, ಸೌದಿಯಲ್ಲಿ ಹೆಂಗಸರು ಕಾರು ಓಡಿಸಬಹುದು ಎಂದಾಯಿತು. ಸುದ್ದಿಯನ್ನು ಮಾಮಿ ಫೋನಿನಲ್ಲಿ ಓದಿದರು. ಆ ಮಳೆಗಾಲ ಮುಗಿದ ಮೇಲೆ ಮಗಳ ಸ್ಕೂಟರ್ ತೆಗೆದುಕೊಂಡು ಶಾಲೆಯ ಮೈದಾನದಲ್ಲಿ ಕಲಿತರು. ಈಗ ಮೀನು ಮಾರುಕಟ್ಟೆಗೆ ಅದರಲ್ಲೇ ಹೋಗುವುದು. ದಾರಿಯಲ್ಲಿ ಬಾಂಗು ಕೇಳಿದರೆ ಅಂಗಡಿ ಮುಚ್ಚೀತು ಎಂದು ಕೈ ಇನ್ನೂ ತನ್ನಿಂದ ತಾನೇ ವೇಗ ಹೆಚ್ಚಿಸುತ್ತದಂತೆ.