ಲೊಸುಂಗೆನ್

ದಿನಕ್ಕೊಂದರಂತೆ ಓದಿ ಧ್ಯಾನಿಸಲು ಆಯ್ದ ಸತ್ಯವೇದ ವಾಕ್ಯಗಳ ವಾರ್ಷಿಕ ಕಿರುಪುಸ್ತಕ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಹೆರ್ನ್‌ಹುಟ್ ಎಂಬ ಸಣ್ಣ ಊರಿನ ಮೊರೇವಿಯನ್ ಸಭೆ ಇದನ್ನು 1731ರಿಂದ ಪ್ರತಿವರ್ಷ ಹೊರತರುತ್ತಿದೆ. ಈಗ 50ಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತದೆ.

ಈಗ ಚೆಕ್ ದೇಶದಲ್ಲಿರುವ ಮೊರೇವಿಯಾ ಪ್ರಾಂತದಲ್ಲಿ ಮತದ ಕಾರಣಕ್ಕೆ ಕಿರುಕುಳ ತಾಳಲಾರದೆ ಹೊರಟ ಕೆಲವು ಕುಟುಂಬಗಳು 1722ರಲ್ಲಿ ಕೌಂಟ್ ತ್ಸಿಂತ್ಸೆನ್‌ಡಾರ್ಫ್‌ನ (1700–1760) ಜಮೀನಿನಲ್ಲಿ ನೆಲೆನಿಂತು ಕಟ್ಟಿಕೊಂಡ ಊರು ಹೆರ್ನ್‌ಹುಟ್. 1728ರ ಮೇ 3ರ ಸಂಜೆ ಕೂಡಿದ್ದವರಿಗೆ ಆತ ಮರುದಿನಕ್ಕೆಂದು ಧ್ಯಾನದ ಮಾತೊಂದನ್ನು ಹೇಳಿದ. ಅಲ್ಲಿಂದ ಅದು ರೂಢಿಯಾಯಿತು. ಬೆಳಗಾದರೆ ಯಾರಾದರೊಬ್ಬರು ಊರಿನ 32 ಮನೆಗಳಿಗೂ ಹೋಗಿ ಆ ದಿನದ ವಾಕ್ಯ ಹೇಳಿ, ಮನೆಯವರ ಕ್ಷೇಮ ವಿಚಾರಿಸಿ ಬರುತ್ತಿದ್ದರು. ಪುಸ್ತಕವಾಗಿದ್ದು ಆಮೇಲೆ, ಮೊದಲು ಅದು ಬಾಯಿಂದ ಬಾಯಿಗೆ ದಾಟುವ ಮಾತಾಗಿತ್ತು. ಹೆಸರೂ ಹಾಗೆಯೇ ಇದೆ: 'ಲೊಸುಂಗ್' ಎಂದರೆ ಕಾವಲಿನ ಸಿಪಾಯಿಗಳು ತಮ್ಮವರನ್ನು ಗುರುತಿಸಿಕೊಳ್ಳುವ ಗುಟ್ಟಿನ ಮಾತು.

ವಾಕ್ಯವನ್ನು ಯಾರೂ ಆರಿಸುವುದಿಲ್ಲ, ಚೀಟಿ ಎತ್ತುತ್ತಾರೆ. ಹಳೆಯ ಒಡಂಬಡಿಕೆಯ ಸುಮಾರು 1,800 ವಾಕ್ಯಗಳ ಸಂಗ್ರಹದಿಂದ ಹೆರ್ನ್‌ಹುಟ್‌ನಲ್ಲಿ ವರ್ಷದ ಅಷ್ಟೂ ದಿನಕ್ಕೆ ಒಂದೊಂದು ಚೀಟಿ ತೆಗೆಯುವುದು ಪದ್ಧತಿ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಮಾತ್ರ ಯೋಚಿಸಿ ಸೇರಿಸುತ್ತಾರೆ. ಜೊತೆಗೊಂದು ಪ್ರಾರ್ಥನೆ ಅಥವಾ ಕೀರ್ತನೆಯ ಸಾಲು. ದೇವರ ಮುಂದೆ ಹೂವಿನ ಪ್ರಸಾದ ಕೇಳುವುದನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದೆನಿಸದು. ಆದರೆ ಹೂ ಕೇಳುವವನ ಮನಸ್ಸಿನಲ್ಲಿ ತನ್ನದೇ ಒಂದು ಪ್ರಶ್ನೆ ಇರುತ್ತದೆ. ಇಲ್ಲಿ ಚೀಟಿ ಎತ್ತುವುದು ಮೂರು ವರ್ಷ ಮೊದಲೇ, ಅದೂ ಎಲ್ಲರಿಗೂ ಸೇರಿ. ಯಾರ ಪ್ರಶ್ನೆಗೂ ಉತ್ತರವಾಗಿ ಅಲ್ಲ. ತನಗೆ ಹಿತವಾದದ್ದನ್ನೇ ಹುಡುಕಿ ಓದುವ ಚಾಳಿಯಿಂದ ಓದುಗನನ್ನು ಬಿಡಿಸುವುದೇ ಈ ಪದ್ಧತಿಯ ನಿಜವಾದ ಬಲ.

ಸಂದರ್ಭದಿಂದ ಕಿತ್ತ ಒಂಟಿ ವಾಕ್ಯ ಭವಿಷ್ಯ ನೋಡುವ ಸಾಧನವಾಗಿಬಿಡುತ್ತದೆ ಎಂಬ ಆಕ್ಷೇಪವೂ ಇದೆ, ಅದು ಸುಳ್ಳಲ್ಲ. ಹಿಂದೆ ಮೊರೇವಿಯನ್ನರು ಮದುವೆಯ ವಿಷಯಕ್ಕೂ ಚೀಟಿ ಎತ್ತುತ್ತಿದ್ದರು. ಅದು ಕ್ರಮೇಣ ನಿಂತುಹೋಯಿತು.

ಪ್ರೊಟೆಸ್ಟೆಂಟರೊಳಗೆ ಮನೆಯ ಓದು, ಸ್ವಂತ ಪ್ರಾರ್ಥನೆ, ಒಳಗಿನ ಬದಲಾವಣೆಗಳಿಗೆ ಒತ್ತು ಕೊಟ್ಟ ಪಯಟಿಸಂ ಎಂಬ ಭಕ್ತಿಧಾರೆಯಲ್ಲಿ ಹುಟ್ಟಿದ್ದು ಲೊಸುಂಗೆನ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬೇರೂ ಆ ಧಾರೆಯದೇ.

ಇದರ ಓದುಗರಲ್ಲಿ ಹೆಚ್ಚು ಹೆಸರಾದವನು ಹಿಟ್ಲರನನ್ನು ವಿರೋಧಿಸಿದ ದೇವತಾಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹೋಫರ್. 1939ರ ಜೂನ್‌ನಲ್ಲಿ ನ್ಯೂಯಾರ್ಕಿನ ಸುರಕ್ಷತೆಯಲ್ಲಿ ಉಳಿಯುವುದೋ, ಜರ್ಮನಿಗೆ ಮರಳುವುದೋ ಎಂದು ತೊಳಲಾಡುತ್ತಿದ್ದಾಗ ದಿನಚರಿಯಲ್ಲಿ ಅಂದಂದಿನ ವಾಕ್ಯದ ಬಗ್ಗೆ ಬರೆದುಕೊಂಡ. ಮುಂದಿನ ತಿಂಗಳೇ ಹಿಂತಿರುಗಿದ. 1944ರ ಜುಲೈ 20ರಂದು ಹಿಟ್ಲರನ ಹತ್ಯೆಯ ಯತ್ನ ವಿಫಲವಾದ ಮರುದಿನ, ಅದಾಗಲೇ ಬಂಧನದಲ್ಲಿದ್ದ ಆತ ಸೆರೆಮನೆಯಿಂದ ಗೆಳೆಯನಿಗೆ ಬರೆದ ಪತ್ರದಲ್ಲೂ ಹಿಂದಿನ ದಿನದ ಮತ್ತು ಆ ದಿನದ ಲೊಸುಂಗೆನ್ ವಾಕ್ಯಗಳ ಪ್ರಸ್ತಾಪವಿದೆ.